ನೀರು ಬಿಡ್ರೋ ಅಂದ ಜಡಿಯಪ್ಪ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಪಾಪು, ನನಗೆ ಹಲ್ಲಿದ್ದ ಕಾಲಕ್ಕಿಂತ ಹಿಂದೆ, ಒಂದು ಕೋಟೆ ಊರಲ್ಲಿ ಜಡಿಯಪ್ಪ ಅಂತ ಒಬ್ಬ ತೋಟಗಾರ ಇದ್ದನಂತೆ. ದೊರೆಸಾನಿಯ ಹೂದೋಟದ ಮೂಲೆಯಲ್ಲೇ ಅವನ ಗುಡಿಸಲು. ಹೆಂಡತಿ ಇಲ್ಲ, ಮಕ್ಕಳು ಮೂರು. ದೊಡ್ಡೋನು ಬೋರ, ನಡುವಿನವನು ಕೆಂಚ, ಕೊನೆಯವಳು ತಿಮ್ಮಿ. ಆ ಮನೇಲಿ ಬುದ್ಧಿವಂತರು ಯಾರು ಅಂತೀಯಾ? ಅವರ ಮೇಕೆ.

ಆ ತೋಟದಲ್ಲಿ ನೆರಳು ಅನ್ನೋದು ಜಡಿಯಪ್ಪನ ಮೀಸೆ ಕೆಳಗೆ ಮಾತ್ರ ಇತ್ತಂತೆ, ಅಷ್ಟು ಬಿಸಿಲು. ಏನು ನೆಟ್ಟರೂ ಸುಟ್ಟು ಕರಕಲು. ದೊರೆಸಾನಿ ಬೇಜಾರು ಮಾಡ್ಕೊಂಡು ಹಡಗಿನ ವ್ಯಾಪಾರಿ ಹತ್ತಿರ ಸಾಲ್ವಿಯಾ ಅಂತ ಒಂದು ಪೊದೆಗಿಡ ತರಿಸಿದಳಂತೆ. ಎಲೆ ಉಜ್ಜಿದ್ರೆ ಘಮ್ ಅನ್ನೋ ಗಿಡ, ಬಿಸಿಲಂದ್ರೆ ಅದಕ್ಕೆ ಪ್ರಾಣ, ತುಳಸಿ ಕದಿರಿನ ಹಾಗೆ ಉದ್ದುದ್ದ ನೀಲಿ ಹೂವಂತೆ. ಮೂರು ಕುಂಡ ಕೈಗೆ ಕೊಟ್ಟು, ನಾನು ತವರಿಗೆ ಹೋಗಿ ಬರೋದ್ರೊಳಗೆ ಇದು ಹೂ ಬಿಡಬೇಕು ಜಡಿಯಪ್ಪಾ, ಇದು ಹೂ ಬಿಡಲಿಲ್ಲವೋ ನೀನು ಗುಡಿಸಲು ಬಿಡಬೇಕು ಅಂತ ಹೇಳಿ ಪಲ್ಲಕ್ಕಿ ಹತ್ತಿದಳಂತೆ.

ಪಲ್ಲಕ್ಕಿ ತಿರುವು ದಾಟೋದಕ್ಕೂ ಜಡಿಯಪ್ಪನಿಗೆ ಜ್ವರ ಬಂದು ಗಂಟಲು ಕಟ್ಟೋದಕ್ಕೂ ಸರಿಹೋಯ್ತಂತೆ. ಮಕ್ಕಳು ಮೂವರೂ ಚಾಪೆ ಸುತ್ತ ಕೂತು, ಅಪ್ಪಾ ಅಪ್ಪಾ, ಗಿಡಕ್ಕೆ ಏನು ಮಾಡ್ಬೇಕಪ್ಪಾ ಅಂತ ಬಡ್ಕೊಂಡ್ರೆ, ಅವನು ಕಷ್ಟಪಟ್ಟು ಬಾಯಿ ತೆಗೆದು, ನೀರು ಬಿಡ್ರೋ, ಅಂದನಂತೆ. ಅಷ್ಟೇ. ದನಿ ಹೊರಟೇಹೋಯ್ತಂತೆ.

ಶುರುವಾಯ್ತು ನೋಡು. ಬೋರ ಹೇಳ್ತಾನೆ, ಗದ್ದೆಗೆ ನೀರು ಬಿಡಲ್ವಾ, ಹಾಗೆ, ಹುಯ್ಯಿ ಅಂತ ಅರ್ಥ. ಕೆಂಚ ಹೇಳ್ತಾನೆ, ಲೇ ಕೋಣ, ಮಾವ ಹೆಂಡ ಬಿಟ್ಟ ಅಂದ್ರೆ ಹೆಂಡ ಹುಯ್ದ ಅಂತಲಾ? ನಿಲ್ಲಿಸು ಅಂತ ಅರ್ಥ. ತಿಮ್ಮಿಗೆ ಆ ಕಡೆ ನೋಡಿದ್ರೆ ಅದೂ ಸರಿ, ಈ ಕಡೆ ನೋಡಿದ್ರೆ ಇದೂ ಸರಿ, ತಲೆ ಗಿರ್ರ್ ಅಂತಂತೆ. ಅಪ್ಪನ್ನೇ ಕೇಳಿದ್ರೆ ಅವನು ಹೆಬ್ಬೆರಳು ಬಾಯಿಗೆ ಇಟ್ಟು ತೋರಿಸಿದನಂತೆ. ನೋಡ್ದಾ, ಹುಯ್ಯಿ ಅಂತಾನೆ ಅಂದ ಬೋರ. ನೋಡ್ದಾ, ನೀನು ಬಾಯಿ ಮುಚ್ಕೋ ಅಂತಾನೆ ಅಂದ ಕೆಂಚ. ಜಗಳ ಹರೀಲಿಲ್ಲ, ಒಬ್ಬೊಬ್ಬರು ಒಂದೊಂದು ಕುಂಡ ಹಿಡ್ಕೊಂಡು ಹೋದ್ರಂತೆ. ಅಪ್ಪನಿಗೆ ಎರಡು ಹೊತ್ತು ಗಂಜಿ ಕುಡಿಸೋರು. ಅವನು ಮತ್ತೆ ಬಾಯಿ ತೋರಿಸಿದ್ರೆ, ಗೊತ್ತಾಯ್ತಪ್ಪಾ ಅದಕ್ಕೇ ಹೋಗ್ತಿದೀವಿ ಅಂತ ತೋಟಕ್ಕೆ ಓಡೋರಂತೆ.

ಆಮೇಲೆ ಬೋರ ಹುಯ್ದ. ಬೆಳಗ್ಗೆ ಹುಯ್ದ, ಮಧ್ಯಾಹ್ನ ಹುಯ್ದ, ಸಂಜೆ ಬೇಜಾರಾದ್ರೂ ಹುಯ್ದ. ಬೇರು ಕೊಳೆತು ಗಿಡ ಮಲಗಿಬಿಡ್ತಂತೆ, ಕುಂಡಕ್ಕೆ ಒಂದು ಕಪ್ಪೆ ಸಂಸಾರ ಸಮೇತ ಬಂತಂತೆ.

ಕೆಂಚ ನಿಲ್ಲಿಸಿದ. ಗಿಡಕ್ಕೆ ಮಾತ್ರ ನಿಲ್ಲಿಸಿ ತಾನು ಮೀಯೋದು ಅನ್ಯಾಯ ಅಂತ ಸ್ನಾನನೂ ಬಿಟ್ಟನಂತೆ. ಎಳೇ ಗಿಡ, ಬೇರು ಇನ್ನೂ ಊರಿರಲಿಲ್ಲ, ಒಣಗಿ ಕಡ್ಡಿ ಆಯ್ತಂತೆ. ಕೆಂಚನ ವಾಸನೆಗೆ ನೊಣ ಮಾತ್ರ ಚೆನ್ನಾಗಿ ಬೆಳೆದವಂತೆ.

ತಿಮ್ಮಿಗೆ ಯಾವ ಬಿಡು ಅಂತ ಗೊತ್ತಾಗಲೇ ಇಲ್ಲ. ಅದಕ್ಕೆ ಅವಳು ದಿನಾ ಚೊಂಬು ಹಿಡ್ಕೊಂಡು ಹೋಗಿ ಮಣ್ಣಿಗೆ ಬೆರಳು ಚುಚ್ಚಿ, ಒಣಗಿದ್ರೆ ಅಣ್ಣ ಹೇಳಿದ ಬಿಡು, ಒದ್ದೆ ಇದ್ರೆ ಚಿಕ್ಕಣ್ಣ ಹೇಳಿದ ಬಿಡು ಅಂತ ಮಾಡಿದಳಂತೆ. ಒಂದಿನ ಮೇಕೆ ಬಂದು ಗಿಡದ ಕುಡಿ ಕಚಕ್ ಅಂತ ತಿಂದುಬಿಡ್ತಂತೆ. ತಿಮ್ಮಿ, ಅಯ್ಯೋ ನಮ್ಮ ಗುಡಿಸಲು ತಿಂದುಬಿಟ್ಟೆಯಲ್ಲೇ ಅಂತ ಗೊಳೋ ಅಂದಳಂತೆ. ನೋಡಿದ್ರೆ ಕಚ್ಚಿದ ಒಂದು ಕುಡಿ ಜಾಗದಲ್ಲಿ ಎರಡು ಚಿಗುರು! ಗಿಡ ಪೊದೆ ಆಯ್ತು, ಮೈತುಂಬ ನೀಲಿ ಕದಿರು ತೂಗಿದವು, ಸೂರಕ್ಕಿಗಳು ಬಂದು ಜೋತುಬಿದ್ದು ಜೇನು ಹೀರಿದವಂತೆ.

ಆಮೇಲೆ ದೊರೆಸಾನಿ ಬಂದಳಂತೆ. ಒಂದು ಕುಂಡದಲ್ಲಿ ಕಪ್ಪೆ, ಒಂದರಲ್ಲಿ ಕಡ್ಡಿ, ಒಂದರಲ್ಲಿ ಹೂವು. ಅವಳಿಗೂ ಗೊಂದಲ. ಒಂದು ಹೂ ಬಿಟ್ಟಿದೆ, ಎರಡು ಬಿಟ್ಟಿಲ್ಲ, ಈಗ ನೀವು ಗುಡಿಸಲು ಬಿಡಬೇಕೋ ಬೇಡವೋ, ಎಲ್ಲಿ ಜಡಿಯಪ್ಪ ಅಂತ ಗುಡಿಸಲಿಗೇ ನುಗ್ಗಿದಳಂತೆ. ಮಕ್ಕಳೂ ಹಿಂದೆಯೇ ಓಡಿದ್ರು. ಅವತ್ತು ಮಣ್ಣು ಒದ್ದೆ ಇತ್ತು ನೋಡು, ತಿಮ್ಮಿ ಚೊಂಬಲ್ಲಿ ನೀರು ಹಾಗೇ ಇತ್ತು. ಏನು ಮಾಡಬೇಕೋ ತಿಳೀದೆ ಅದನ್ನ ಅಪ್ಪನ ಬಾಯಿಗೆ ಹಿಡಿದಳಂತೆ.

ಗಟಗಟ ಕುಡಿದ ಜಡಿಯಪ್ಪ, ಗಂಟಲು ಬಿಚ್ಚಿ, ಅಯ್ಯೋ ಮುಂಡೇವಾ, ಬಾಯಿಗೆ ನೀರು ಬಿಡ್ರೋ ಅಂತ ಅವತ್ತಿಂದ ಬಡ್ಕೊಂಡ್ರೆ ಇವತ್ತು ಬಿಟ್ರಲ್ರೋ ಅಂದನಂತೆ!

ಗಿಡಕ್ಕಲ್ವಾ, ಅಂದ ಬೋರ. ನಿಲ್ಲಿಸೋಕಲ್ವಾ, ಅಂದ ಕೆಂಚ. ತಿಮ್ಮಿ ಇನ್ನೊಂದು ಚೊಂಬು ನೀರು ತರೋಕೆ ಓಡಿದಳು. ದೊರೆಸಾನಿ ಹೊಟ್ಟೆ ಹಿಡ್ಕೊಂಡು ನಕ್ಕು ನಕ್ಕು, ಹೋಗ್ಲಿ ಬಿಡ್ರಯ್ಯಾ, ಅಂದಳಂತೆ. ಅಂದಿದ್ದೇ ತಡ, ಬೋರ ಚಾಪೆ ಸುತ್ತಿದ, ಕೆಂಚ ಮೇಕೆ ಹಗ್ಗ ಬಿಚ್ಚಿದ. ಎಲ್ಲಿಗ್ರೋ, ಅಂದಳು ದೊರೆಸಾನಿ. ಹೋಗ್ಲಿ, ಗುಡಿಸಲು ಬಿಡ್ರಿ ಅಂದ್ರಲ್ಲ ತಾಯಿ, ಅಂದ್ರಂತೆ. ಅಯ್ಯೋ ರಾಮಾ, ಪರವಾಗಿಲ್ಲ ಇರ್ರಿ ಅಂದೆ ಕಣ್ರೋ ಅಂತ ಅವಳೇ ಮೇಕೆ ಹಗ್ಗ ಹಿಡಿದು ಎಳ್ಕೊಂಡು ಬಂದು ಕಟ್ಟಿದಳಂತೆ.

ಆಮೇಲೆ ತಿಮ್ಮಿ ಗಿಡದ ಕಡ್ಡಿ ಮುರಿದು ಮುರಿದು ನೆಟ್ಟು ತೋಟವೆಲ್ಲ ನೀಲಿ ಆಯ್ತಂತೆ, ಎಲ್ಲರೂ ಅಲ್ಲೇ ಸುಖವಾಗಿದ್ರಂತೆ. ಕೆಂಚ ಸ್ನಾನ ಮಾಡಿದನಾ? ಅದನ್ನ ಮೇಕೇನ ಕೇಳು. ಕತೆ ಇಲ್ಲಿಗೆ ಬಿಟ್ಟೆ, ನೀನಿನ್ನು ಕಣ್ಣು ಬಿಡಬೇಡ. ಅಯ್ಯೋ, ಮುಚ್ಚು ಅಂದೆ ಕಣೋ!