ಒಂಟಿಕೂಣಿ ಕೆರೆಗೆ ಆ ಹೆಸರು ಬಂದ ಬಗೆ

ನಮ್ಮ ಬಾಳೆಗುಂದಿಯ ಮೂಡಲಿಗೆ, ಮುತ್ತುಗದ ಮರಗಳ ಏರಿಯ ಕೆಳಗೆ ಇರುವ ಒಂಟಿಕೂಣಿ ಕೆರೆ ನೋಡಲು ಅಂಥ ದೊಡ್ಡದೇನಲ್ಲ. ತಾವರೆ ಇಲ್ಲ, ಮಂಟಪವಿಲ್ಲ, ಕಾವಲುಗಾರನಂತೂ ಇಲ್ಲವೇ ಇಲ್ಲ. ಬೇಸಿಗೆಯ ಕೊನೆಗೆ ನೀರು ಮೊಣಕಾಲಿಗಿಳಿದಾಗ ಡಂಗುರ ಹೊಡೆಸುತ್ತಾರೆ. ಯಾವ ಊರಿನವರಾದರೂ ಸರಿ, ಕೂಣಿ ಹಿಡಿದು ಕೆರೆಬೇಟೆಗೆ ಇಳಿಯಬಹುದು. ಕೂಣಿಯೆಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಅದನ್ನು ಕೆಸರಿಗೆ ಒತ್ತಿ, ಮೇಲಿನ ಕಿರಿದಾದ ಬಾಯಿಯೊಳಗೆ ಕೈಯಿಳಿಸಿ, ಸಿಕ್ಕಿದ ಮೀನನ್ನು ತಡಕಿ ಹಿಡಿಯಬೇಕು. ಒಳಗೇನಿದೆಯೆಂದು ಕಣ್ಣಿಗೆ ಕಾಣದು, ಹಾವೂ ಇರಬಹುದು. ಜನ ಒಟ್ಟಿಗೆ ಇಳಿಯುವ ಪದ್ಧತಿ ಹುಟ್ಟಿದ್ದೇ ಅದಕ್ಕೆ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಕೆರೆಗೆ ಕನ್ನಪ್ಪನಾಯ್ಕ ಎಂಬವನು ಒಡೆಯನಾಗಿದ್ದ. ಒಡೆದ ಏರಿಯನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಸಿದವನೂ ಅವನೇ, ಸುಳ್ಳು ಹೇಳಬಾರದು. ಆದರೆ ಕಟ್ಟಿಸಿದ ಮೇಲೆ ಅವನ ತಲೆ ತಿರುಗಿತು. ಕೆರೆಬೇಟೆ ನಿಲ್ಲಿಸಿದ, ಸುತ್ತ ಮುಳ್ಳುಬೇಲಿ ಹಾಕಿಸಿ ಕಾವಲಿಟ್ಟ. ಆ ಮಳೆಗಾಲದ ಕೊನೆಗೆ ಮೈಲಾರಿ ಎಂಬ ಬಡವ ಹೊಟ್ಟೆಗಿಲ್ಲದೆ ಬೇಲಿ ನುಸುಳಿ ಗಾಳ ಹಾಕಿದ. ಕಾವಲಿನವರು ಅಟ್ಟಿಸಿಕೊಂಡು ಬಂದಾಗ ತುಂಬಿದ ಕೆರೆಗೆ ಹಾರಿದ, ಮೇಲೆ ಬರಲಿಲ್ಲ. ಹೆಣ ತೇಲಲೂ ಇಲ್ಲ. ಅವನ ಹೆಂಡತಿ ದುಗ್ಗಮ್ಮ ನಾಯ್ಕನ ಅಂಗಳದಲ್ಲಿ ಕುಳಿತು, ಊರವರು ಇಳಿದು ಹುಡುಕಲು ಬಿಡಿ, ಒಂದು ಹಿಡಿ ಮಣ್ಣು ಹಾಕುತ್ತೇನೆ ಎಂದು ಬೇಡಿದಳು. ಹೆಣದ ನೆಪದಲ್ಲಿ ಮೀನು ಹೋದೀತೆಂದು ನಾಯ್ಕನಿಗೆ ಅನುಮಾನ. ಕೆರೆಯೊಳಗಿರುವುದೆಲ್ಲ ತನ್ನದು, ಯಾರೂ ಕಾಲಿಡಕೂಡದು ಎಂದುಬಿಟ್ಟ. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ದುಗ್ಗಮ್ಮ ಅಳಲಿಲ್ಲ.

“ಹಂಗಾರೆ ನನ್ ಗಂಡನೂ ನಿಮ್ಮೋನೇ ಆದ, ನಾಯ್ಕರೆ. ಇಟ್ಕಳ್ಳಿ,” ಎಂದು ಎದ್ದು ಹೋದಳು.

ಬೇಸಿಗೆ ಬಂತು, ನೀರಿಳಿಯಿತು. ನಾಯ್ಕ ಬೇಟೆಗೆ ಆಳುಗಳನ್ನು ಕರೆದರೆ ಒಬ್ಬನೂ ಬರಲಿಲ್ಲ. ಹಟಕ್ಕೆ ಬಿದ್ದು ನಡುಹಗಲಲ್ಲಿ ಒಬ್ಬನೇ ಕೂಣಿ ಹೊತ್ತು ಇಳಿದ. ಊರೆಲ್ಲ ಏರಿಯ ಮೇಲೆ ನಿಂತು ನೋಡಿತು. ಆ ಹೊತ್ತು ಕೆರೆಯಲ್ಲಿ ಒಂದು ಕಪ್ಪೆಯೂ ಕೂಗಲಿಲ್ಲವಂತೆ, ಕೊಕ್ಕರೆಗಳು ದಡದಲ್ಲೇ ಮುದುಡಿ ನಿಂತಿದ್ದವಂತೆ. ನಾಯ್ಕ ನಟ್ಟನಡುವೆ ಕೂಣಿ ಒತ್ತಿದ, ಒಳಗೆ ಏನೋ ಮಿಸುಕಿತು, ಕೈಯಿಳಿಸಿದ. ಅವನು ಮೀನು ಹಿಡಿಯುವ ಮೊದಲೇ ಒಳಗಿನದು ಅವನ ಕೈ ಹಿಡಿಯಿತು. ಐದು ಬೆರಳು, ತಣ್ಣಗೆ. ಎಳೆದಷ್ಟೂ ಬಿಗಿಯಾಯಿತು. ಆಳುಗಳ ಹೆಸರು ಹಿಡಿದು ಕೂಗಿದ. ಯಾರೂ ಕದಲಲಿಲ್ಲ, ಅವನ ಅಪ್ಪಣೆಯೇ ಹಾಗಿತ್ತಲ್ಲ. ಆ ಅಪ್ಪಣೆಯನ್ನು ಹಿಂತೆಗೆಯಲು ಮನಸ್ಸಾಗದೆ ನಾಯ್ಕ ಹೊತ್ತು ವಾಲುವ ತನಕ ಕೈ ಜಗ್ಗುತ್ತಲೇ ಇದ್ದ. ಕೂಣಿ ಮೆಲ್ಲಗೆ ಕೆಸರಿಗೆ ಇಳಿಯತೊಡಗಿ, ಬಗ್ಗಿದವನ ಗಲ್ಲಕ್ಕೆ ನೀರು ಮುಟ್ಟಿದಾಗ, “ಕೆರೆ ಎಲ್ಲಾರ್ದು. ಇಳೀರಿ,” ಎಂದ. ಮೊದಲು ಇಳಿದವಳು ದುಗ್ಗಮ್ಮ. ಕೂಣಿಯೊಳಗೆ ತನ್ನ ಕೈಯನ್ನೂ ಇಳಿಸಿ, ಆ ಬೆರಳುಗಳನ್ನು ಸವರಿ, “ಬಿಡು. ನಾವೆಲ್ಲ ಬಂದೀವಿ,” ಎಂದಳು. ಹಿಡಿತ ಸಡಿಲವಾಯಿತು. ಕೆಸರಿನಿಂದ ಎತ್ತಿದ ಮೈಲಾರಿಯ ಹೆಣ ಒಂದಿಷ್ಟೂ ಕೆಟ್ಟಿರಲಿಲ್ಲ ಎನ್ನುತ್ತಾರೆ. ಅಂದು ನಾಯ್ಕ ಒಬ್ಬನೇ ಊರಿದ ಕೂಣಿಯಿಂದಲೇ ಕೆರೆಗೆ ಈ ಹೆಸರಾಯಿತು.

ಪಹಣಿಯಲ್ಲಿ ಕೆರೆ ಇಂದಿಗೂ ನಾಯ್ಕನ ಮನೆತನದ ಹೆಸರಿನಲ್ಲೇ ಇದೆ. ಯಾರೂ ತಕರಾರು ತೆಗೆದಿಲ್ಲ. ಬೇಟೆಯ ದಿನ ಬಂದವರು ನೋಡಬಹುದು. ಆ ಮನೆಯ ಗಂಡಸರೂ ಎಲ್ಲರೊಡನೆ ಇಳಿಯುತ್ತಾರೆ, ಕೂಣಿ ಒತ್ತುತ್ತಾರೆ. ಕೈ ಮಾತ್ರ ಹಾಕುವುದಿಲ್ಲ. ಪಕ್ಕದಲ್ಲಿರುವ ಯಾವುದೋ ಊರಿನವರನ್ನು ಕರೆದು, “ನಮ್ದರಾಗೆ ಒಂಚೂರು ಕೈ ಹಾಕ್ತೀರಾ?” ಎಂದು ಕೇಳಿಕೊಂಡು, ಅವರು ಹಿಡಿದು ಕೊಡುವ ತನಕ ತಮ್ಮದೇ ಕೆರೆಯಲ್ಲಿ ಕಾಯುತ್ತ ನಿಲ್ಲುತ್ತಾರೆ.