ಹುಂಜದ ಕೂಗು ಕೂಗಿದವನು

“ಗುರುಗಳೇ, ಸಿಟ್ಟನ್ನು ಬಾಯಿಗೆ ತಾರದೆ ತೀರಿಸಿಕೊಂಡರೆ ತಪ್ಪೇನು?” ಎಂದು ಹಾಲಯ್ಯ ಕೇಳಿದ.

ಅವನು ಕಟ್ಟಿದ ಪದವನ್ನು ಸಹಪಾಠಿ ಮರುಳಪ್ಪ ತನ್ನದೆಂದು ಹೇಳಿ ಸಭೆಯಲ್ಲಿ ಹಾಡಿದ್ದ. ಹಾಲಯ್ಯ ಜಗಳಕ್ಕೆ ಹೋಗಿರಲಿಲ್ಲ. ಮುಂದಿನ ಸಭೆಯಲ್ಲಿ ಮರುಳಪ್ಪನನ್ನು ಹೊಗಳಿ ಹೊಗಳಿ ಎಬ್ಬಿಸಿ ನಿಲ್ಲಿಸಿ, ಆ ಪದದ ಅರ್ಥ ಕೇಳಿ, ಎಲ್ಲರೆದುರು ಅವನ ಮಾನ ಕಳೆಯಬೇಕೆಂದಿದ್ದ.

ಗುರು ಹೇಳಿದರು:

ಒಬ್ಬ ಬೇಟೆಗಾರನಿದ್ದ. ಬಿದಿರಿನ ಒಳಪೊರೆಯನ್ನು ನಾರಿನ ಚಿಕ್ಕ ಬಳೆಗೆ ಬಿಗಿದು ಅಂಗುಳಕ್ಕೆ ಒತ್ತಿಕೊಂಡು, ನಾಲಗೆಯ ಮೇಲೆ ಉಸಿರು ಹರಿಸಿ ಕಾಡುಕೋಳಿಯಂತೆ ಕೂಗುತ್ತಿದ್ದ. ಹೇಟೆಯ ಕರೆ, ಹುಂಜದ ಕೂಗು ಎರಡೂ ಅವನಿಗೆ ಬರುತ್ತಿದ್ದವು. ಕೈಗಳೆರಡೂ ಬಿಲ್ಲಿಗೆ ಬಿಡುವಾಗಿರುತ್ತಿದ್ದವು. ಈ ವಿದ್ಯೆಯನ್ನು ಅವನು ಹೆಂಡತಿಯ ತಮ್ಮನಿಗೆ ಕಲಿಸಿದ. ಕಲಿಯುವಾಗ ಆ ಭಾವಮೈದ ಪೊರೆ ನುಂಗಿ ಕೆಮ್ಮಿದರೆ ಬೆನ್ನು ತಟ್ಟುತ್ತಿದ್ದವನೂ ಅವನೇ.

ಒಂದು ದಿನ ಊರಗೌಡನ ಮನೆಯ ಊಟದಲ್ಲಿ ಯಾರೋ ಭಾವಮೈದನನ್ನು, “ಈ ಕೋಳಿಯ ಕೂಗನ್ನು ಯಾರಿಂದ ಕಲಿತೆ?” ಎಂದು ಕೇಳಿದರು.

“ನನ್ನ ಬಾಯಿ, ನನ್ನ ನಾಲಗೆ. ಕಲಿಸುವವರು ಯಾರು?” ಎಂದ.

ಬೇಟೆಗಾರ ಅದೇ ಪಂಕ್ತಿಯಲ್ಲಿ ಕುಳಿತಿದ್ದ. ಕೈಯ ತುತ್ತು ಎಲೆಗೆ ಬಿತ್ತು. ಮೈಯೆಲ್ಲ ಉರಿಯಿತು. ಆದರೂ ತುಟಿ ಎರಡು ಮಾಡದೆ ಮಜ್ಜಿಗೆ ಕುಡಿದು ಎದ್ದ.

ಮರುದಿನ ಬೆಳಿಗ್ಗೆ ಕಾಡಿನಲ್ಲಿ ಹೇಟೆಯ ಕರೆ ಕೇಳಿತು. ಅದು ಭಾವಮೈದನ ಬಾಯಿ ಎಂದು ಅವನಿಗೆ ಕೂಡಲೇ ತಿಳಿಯಿತು. ಹಲ್ಲು ಕಡಿದ. ಇವನನ್ನು ಸಂಜೆಯವರೆಗೂ ಮುಳ್ಳುಪೊದೆಗಳಲ್ಲಿ ಅಲೆಸುತ್ತೇನೆ, ಆಮೇಲೆ ಗೌಡನ ಜಗಲಿಯಲ್ಲಿ ಎಲ್ಲರೂ ನಗುವಂತೆ ಹೇಳುತ್ತೇನೆ ಎಂದುಕೊಂಡ. ಪೊದೆಯೊಳಗೆ ನುಸುಳಿ ಹುಂಜದಂತೆ ಕೂಗಿದ. ಆ ಕಡೆಯಿಂದ ಹೇಟೆಯ ಉತ್ತರ ಬಂತು. ಇವನು ಮತ್ತೆ ಕೂಗಿದ. ಅಷ್ಟು ಕೋಪದಲ್ಲೂ ಕೂಗು ಒಂದಿಷ್ಟೂ ತಪ್ಪಲಿಲ್ಲ. ಒಣಗಿದ ಎಲೆಗಳನ್ನು ಕಾಲಿನಿಂದ ಕೆದರಿದ.

ಬಾಣ ಬಂದು ಕೆನ್ನೆಯನ್ನು ಸೀಳಿ, ಹಲ್ಲು ಮುರಿದು, ನಾಲಗೆಯನ್ನು ಹರಿದುಹಾಕಿತು.

ಕೋಳಿ ಬಿತ್ತೆಂದು ಓಡಿ ಬಂದ ಭಾವಮೈದ ಭಾವನನ್ನು ಕಂಡು ಚೀರಿದ. ಹೆಗಲ ಮೇಲೆ ಹೊತ್ತು ಊರಿಗೆ ಓಡಿದ. ಜೀವ ಉಳಿಯಿತು. ಹುಣ್ಣು ಮಾಯ್ದ ಮೇಲೆ ಅವನು ಭಾವನ ಕಾಲ ಬಳಿ ಕುಳಿತು ಅತ್ತ.

“ಊರೆದುರು ಸುಳ್ಳು ಹೇಳಿದವನು ನಾನು. ಅಲ್ಲೇ ನನ್ನ ಕೆನ್ನೆಗೆ ಹೊಡೆಯಬಹುದಿತ್ತು. ಆ ಪೊದೆಯಿಂದ ಮನುಷ್ಯನ ದನಿಯಲ್ಲಿ ಒಂದು ಬೈಗುಳ ಬಂದಿದ್ದರೆ ನಾನು ಬಾಣ ಬಿಡುತ್ತಿದ್ದೆನೇ ಭಾವ?”

ಬೇಟೆಗಾರನ ಕೋಪ ಇನ್ನೂ ಹಾಗೆಯೇ ಇತ್ತು. ಅಂದು ಪಂಕ್ತಿಯಲ್ಲಿ ನುಂಗಿಕೊಂಡ ಮಾತುಗಳಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ. ಬೈಯಲು ಬಾಯಿ ತೆರೆದ. ನಾಲಗೆ ಹೊರಳಲಿಲ್ಲ. ಗಂಟಲಿನಿಂದ ಬರೀ ಗಾಳಿ ಬಂತು. ಎರಡೂ ಕೈಗಳಿಂದ ನೆಲವನ್ನು ಗುದ್ದಿದ, ಗುದ್ದುತ್ತಲೇ ಇದ್ದ.

ಕತೆ ಅಷ್ಟಕ್ಕೇ ನಿಂತಿತು. ಹಾಲಯ್ಯ ತಲೆ ತಗ್ಗಿಸಿದ್ದ.

ಗುರು ಹೇಳಿದರು: “ಮರುಳಪ್ಪ ಅಡುಗೆಮನೆಯಲ್ಲಿದ್ದಾನೆ, ಹೋಗಿ ಬೈದು ಬಾ.”