ನೂಲಿಯ ಕಾಲಿನ ದಾರ

ಹಳೇ ಆಲದ ಪೊಟರೆಯಲ್ಲಿ ಜೇಡಗಳಿಗೊಂದು ದೊಡ್ಡ ಶಾಲೆಯಿತ್ತು. ವರ್ಷಕ್ಕೆ ಎಂಟೇ ಮರಿಗಳಿಗೆ ಪ್ರವೇಶ. ಇಬ್ಬನಿ ಆರುವುದರೊಳಗೆ ಒಂದು ಬಲೆ ನೇಯ್ದು ಮುಗಿಸಬೇಕು, ಅದೇ ಪರೀಕ್ಷೆ. ಜೇಡಮ್ಮ ತನ್ನ ಮಗಳು ನೂಲಿಯ ಕೈಲಿ ಹಿಂದಿನ ಏಳು ವರ್ಷದ ಪರೀಕ್ಷೆಯ ಬಲೆಗಳನ್ನೆಲ್ಲ ನೇಯಿಸಿದ್ದಳು. ಮಗು ನಿದ್ದೆಯಲ್ಲೂ ಕಾಲಾಡಿಸುತ್ತ ಗಾಳಿಯನ್ನೇ ನೇಯುತ್ತಿತ್ತು.

ಪರೀಕ್ಷೆಯ ಬೆಳಿಗ್ಗೆ ಮರಕ್ಕೆ ಮರವೇ ಮಂಜಿನಲ್ಲಿ ತೇಲುತ್ತಿದ್ದಂತಿತ್ತು. ಜೇಡಮ್ಮ ಮಗಳ ಹಿಂಗಾಲಿಗೆ ಕಂಡೂ ಕಾಣದಂಥ ಒಂದೆಳೆ ದಾರ ಕಟ್ಟಿದಳು.

"ಇದ್ಯಾಕಮ್ಮ?"

"ಸುಮ್ಮನೆ, ಧೈರ್ಯಕ್ಕೆ. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ, ನೆನಪಿರಲಿ."

ನೂಲಿ ಒಳಗೆ ಹೋದಳು. ದಾರದ ಇನ್ನೊಂದು ತುದಿ ತಾಯಿಯ ಬಳಿಯೇ ಉಳಿಯಿತು.

ಬಾಗಿಲು ಕಾಯುತ್ತಿದ್ದ ಬಸವನಹುಳು, "ಇನ್ನು ಮನೆಗೆ ಹೋಗಿ ತಾಯೀ. ನೇಯುವುದು ಅವಳ ಕೆಲಸ" ಎಂದಿತು.

"ಹೋಗ್ತೀನಪ್ಪ" ಎಂದಳು ಜೇಡಮ್ಮ. ಹೆತ್ತವಳ ಕಾಲು ಎಲ್ಲಿ ಕದಲುತ್ತದೆ! ಮಗು ಹೆದರಿತೋ ಏನೋ, ಎರಡನೇ ಸುತ್ತು ಮರೆತೇಹೋಯಿತೋ ಏನೋ. ತಡೆಯಲಾರದೆ ಅವಳು ದಾರವನ್ನು ಒಂದೇ ಒಂದು ಸಲ, ಮೆಲ್ಲಗೆ, ಎಳೆದು ನೋಡಿದಳು.

ದಾರ ಎಳೆದರೆ ಓಡಿ ಬರಬೇಕು ಎಂಬುದು ಜೇಡರ ಮನೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ. ನೂಲಿ ಹೊಸ್ತಿಲು ದಾಟಿ ಓಡೋಡಿ ಬಂದಳು.

"ಕರೆದೆಯಾ ಅಮ್ಮ? ಇನ್ನೊಂದೇ ಸುತ್ತು ಬಾಕಿಯಿತ್ತು."

"ಇಲ್ಲ ಕಂದಾ... ದಾರ ಗಟ್ಟಿಯಿದೆಯಾ ಅಂತ ನೋಡಿದೆ."

ಬಸವನಹುಳು ಬಾಗಿಲು ಮುಚ್ಚಿತು.

"ಗಟ್ಟಿಯಿದೆ ಅಮ್ಮ" ಎಂದಳು ನೂಲಿ, "ತುಂಬಾ ಗಟ್ಟಿಯಿದೆ."